ವಾರಗಿತ್ತಿಯ ಪಿಟೀಲು

ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಅರ್ಧ ಹೊಲಿದ ಕೋಟುಗಳು, ನೆಲದ ಮೇಲೆ ಸದಾ ದಾರದ ತುಂಡುಗಳು. ಕೆಳಗೆ ಆಕೆ ಮತ್ತು ಗಂಡ. ಮಹಡಿಯ ಮೇಲೆ ಮೈದುನ ಮತ್ತು ಅವನ ಹೆಂಡತಿ.

ಆ ವಾರಗಿತ್ತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಅವಳು ಸೂಜಿ ಚುಚ್ಚಿದರೆ ನೋವೇ ಆಗುವುದಿಲ್ಲವೆಂದು ಊರೆಲ್ಲ ಹೊಗಳುತ್ತಿತ್ತು. ‘ನಾನೂ ದಿನಾ ಸೂಜಿ ಚುಚ್ಚುತ್ತೇನೆ, ಹೊಗಳೋಕೆ ಬಟ್ಟೆಗೆ ಬಾಯಿಲ್ಲ ಅಷ್ಟೆ’ ಎಂದು ಟೈಲರಮ್ಮ ಒಳಗೊಳಗೇ ಅಂದುಕೊಳ್ಳುವಳು. ಅದು ನಗೆಯೂ ಹೌದು, ನಗೆಯಲ್ಲದ್ದೂ ಹೌದು.

ಮಗಳ ಮದುವೆಯಾಗಿ ಮನೆ ಬಿಕೋ ಎನ್ನತೊಡಗಿದಾಗ ಟೈಲರಮ್ಮ ಪಿಟೀಲು ಕಲಿಯಲು ಹೊರಟಳು. ವಯಸ್ಸು ಐವತ್ತರ ಹತ್ತಿರ. “ಇಷ್ಟು ದಿನ ಬಾಯಲ್ಲೇ ಕುಯ್ತಿದ್ದೆ, ಇನ್ನು ಕೈಯಲ್ಲೂ ಕುಯ್ಯಿ” ಎಂದ ಗಂಡ. ಆಕೆ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರು ವಯಸ್ಸಾದವರು. ಹಾಡಿನ ಆಸೆ ಸದ್ಯಕ್ಕೆ ಬಿಡಿ ಎಂದು ಮೊದಲ ದಿನವೇ ಹೇಳಿಬಿಟ್ಟರು. ವಾರಕ್ಕೊಂದೇ ಗುರಿ. ಮೊದಲ ವಾರ ಕಮಾನು ಒಂದೇ ತಂತಿಯ ಮೇಲೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹೋದರೆ ಸಾಕು. ಮುಂದಿನ ವಾರ ಪಕ್ಕದ ತಂತಿಗೆ ತಗುಲದಿದ್ದರೆ ಸಾಕು. ಆಮೇಲೆ ಒಂದು ಬೆರಳು, ಆಮೇಲೆ ಇನ್ನೊಂದು. ಟೈಲರಮ್ಮನಿಗೆ ಇದು ಒಪ್ಪಿಗೆಯಾಯಿತು. ತಾನೂ ಕಾಲರಿಗೆ ಕೈ ಹಾಕುವ ಮೊದಲು ಹರಕು ಬಟ್ಟೆಯ ಮೇಲೆ ನೇರ ಹೊಲಿಗೆ ಕಲಿತವಳೇ. ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತಿನಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನದಲ್ಲಿ ಅಭ್ಯಾಸ ಮಾಡಿದಳು. ತಂತಿ ಕರಕರ ಬಿಟ್ಟು ಮೊದಲ ಸಲ ಶುದ್ಧವಾಗಿ ನುಡಿದ ದಿನ ಒಬ್ಬಳೇ ಕೂತು ನಕ್ಕಳು.

ಆ ನಾದ ಮಹಡಿಗೂ ಕೇಳಿಸಿತ್ತು. ವಾರಗಿತ್ತಿ ಇಳಿದು ಬಂದು ತಾನೂ ಸೇರಬಹುದೇ ಎಂದು ಕೇಳಿದಳು. ಬೇಡವೆನ್ನುವುದಾದರೂ ಹೇಗೆ? “ಬಾ, ಅದಕ್ಕೇನಂತೆ” ಎಂದು ಬಾಯಿ ಹೇಳಿತು.

ಟೈಲರಮ್ಮ ತಿಂಗಳುಗಟ್ಟಲೆ ಬೆವರು ಸುರಿಸಿ ಮುಟ್ಟಿದ ಗುರಿಗಳನ್ನು ಅವಳು ನೀರು ಕುಡಿದಷ್ಟು ಸಲೀಸಾಗಿ ದಾಟಿಬಂದಳು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಟೈಲರಮ್ಮ ನುಡಿಸುವಾಗ ಮೇಷ್ಟರು ಅವಳ ಬೆರಳುಗಳನ್ನೇ ನೋಡುತ್ತ ತಪ್ಪು ತಿದ್ದುತ್ತಿದ್ದರು. ವಾರಗಿತ್ತಿ ನುಡಿಸುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಅದನ್ನು ಕಂಡಂದಿನಿಂದ ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಮೇಲಿನಿಂದ ಪಿಟೀಲಿನ ದನಿ ಕೇಳಿದರೆ ಬೇಕೆಂದೇ ಯಂತ್ರ ಜೋರಾಗಿ ಓಡಿಸುವಳು. ಯಾರದೋ ಕೋಟಿನ ಬಲಗೈ ತೋಳನ್ನು ಎಡಕ್ಕೆ ಹೊಲಿದಳು.

ಒಮ್ಮೆ ಆಸ್ಪತ್ರೆಯ ಪಾಳಿ ಬದಲಾಗಿ ವಾರಗಿತ್ತಿ ಪಾಠಕ್ಕೆ ಬರಲಾಗಲಿಲ್ಲ. ಹೊಸ ಹಾಡಿನ ಮೊದಲ ಎರಡು ಸಾಲು ಮಾತ್ರ, ಅದೂ ನಿಧಾನವಾಗಿ ನುಡಿಸಿಕೊಂಡಿರಲಿ, ಅವಸರ ಬೇಡ ಎಂದು ಮೇಷ್ಟರು ಹಾಡಿನ ಸ್ವರ ಬರೆದ ಹಾಳೆಯನ್ನು ಟೈಲರಮ್ಮನ ಕೈಗೆ ಕೊಟ್ಟು ಹೇಳಿ ಕಳಿಸಿದರು. ಟೈಲರಮ್ಮ ಮೆಟ್ಟಿಲು ಹತ್ತಿ ಹೋಗಿ, ಇಡೀ ಹಾಡನ್ನು ವೇಗವಾಗಿ ನುಡಿಸಿಕೊಂಡು ಬರಬೇಕಂತೆ ಎಂದು ಹೇಳಿ ಬಂದಳು.

ವಾರವೆಲ್ಲ ಮೇಲೆ ತಂತಿಗಳು ಕಿರುಚಿದವು. ಕಮಾನು ಎಡವುವುದು, ನಿಲ್ಲುವುದು, ಮತ್ತೆ ಮೊದಲಿನಿಂದ. ಟೈಲರಮ್ಮ ಕಿವಿಗೊಟ್ಟು ಕೇಳಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಯಿತು. ಕೊನೆಗೆ ಮೇಲಿನ ಸದ್ದು ನಿಂತೇಹೋಯಿತು. ಇದು ತನ್ನ ಕೈಲಾಗುವ ಕೆಲಸವಲ್ಲ, ಮೇಷ್ಟರಿಗೆ ಹೇಳಿಬಿಡಿ ಎಂದು ವಾರಗಿತ್ತಿ ಸೋತ ಮುಖದಲ್ಲಿ ಹೇಳಿ ಹೋದಳು. ಟೈಲರಮ್ಮ ಅದನ್ನು ಮೇಷ್ಟರಿಗೆ ಮುಟ್ಟಿಸುವಾಗ, ಅವಳಿಗೆ ಆಸಕ್ತಿ ಹೋಯಿತು ಎಂದು ಬದಲಿಸಿದಳು.

ಆದರೂ ನೆಮ್ಮದಿ ಸಿಗಲಿಲ್ಲ. ಪ್ರತಿ ಪಾಠದಲ್ಲೂ ಮೇಷ್ಟರು ವಾರಗಿತ್ತಿಯ ಬಗ್ಗೆಯೇ ವಿಚಾರಿಸುತ್ತಿದ್ದರು, ಪಕ್ಕದ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದರು. ಬಿಟ್ಟು ಹೋದವಳಿಗೂ ಇಷ್ಟು ಬೆಲೆಯೇ ಎಂದು ಟೈಲರಮ್ಮ ಆ ಕುರ್ಚಿಯ ಮೇಲೂ ಕರುಬಿದಳು.

ಮುಚ್ಚಿಟ್ಟದ್ದು ಹೊರಬರಲು ಬಹಳ ಕಾಲ ಹಿಡಿಯಲಿಲ್ಲ. ಮೇಷ್ಟರು ರಕ್ತ ಪರೀಕ್ಷೆಗೆಂದು ಅದೇ ಲ್ಯಾಬಿಗೆ ಹೋದರು. ಇಡೀ ಹಾಡು ತನ್ನಿಂದ ಆಗಲಿಲ್ಲವೆಂದು ವಾರಗಿತ್ತಿ ಕ್ಷಮೆ ಕೇಳಿದಾಗ ಅವರು ಬೆರಗಾಗಿ, ತಾವು ಹೇಳಿದ್ದು ಎರಡೇ ಸಾಲೆಂದರು. ಆ ಸಂಜೆ ಅವಳು ಆಸ್ಪತ್ರೆಯ ಬಿಳಿ ಕೋಟನ್ನೂ ಬಿಚ್ಚದೆ ನೇರವಾಗಿ ಹೊಲಿಗೆ ಕೋಣೆಗೆ ಬಂದಳು.

“ಮೇಷ್ಟ್ರು ಲ್ಯಾಬಿಗೆ ಬಂದಿದ್ರು. ಯಾಕಕ್ಕ ಹೀಗ್ಮಾಡಿದ್ರಿ?”

ಯಂತ್ರದ ಮೇಲಿದ್ದ ಟೈಲರಮ್ಮನ ಕಾಲು ನಿಂತಿತು. ತಪ್ಪಾಗಿ ಕೇಳಿಸಿಕೊಂಡೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಬಿದ್ದದ್ದು ಬೇರೆ.

“ನೀನು ನುಡಿಸೋವಾಗ ಅವ್ರು ಕಣ್ಣು ಮುಚ್ಕೋತಾರೆ ಕಣೇ. ನನಗೆ ಒಂದ್ಸಲಾನೂ ಮುಚ್ಚಿಲ್ಲ.”

ವಾರಗಿತ್ತಿ ತನ್ನ ಕೈಗಳನ್ನು ನೋಡಿಕೊಂಡಳು. “ನನ್ನ ಕೈನೇ ಸರಿಯಿಲ್ಲ ಅಂತ ಮೇಲೆ ಅಳ್ತಾ ಕೂತಿದ್ದೆ. ನಿಮಗೆ ಎಲ್ಲಾ ಕೇಳಿಸ್ತಿತ್ತಲ್ವಾ?”

“ಕೇಳಿಸ್ತಿತ್ತು.”

ವಾರಗಿತ್ತಿ ಮೆಟ್ಟಿಲು ಹತ್ತಿದಳು. ಆಮೇಲೆ ಇಬ್ಬರ ನಡುವೆ ‘ನೀರು ಬಂತು’, ‘ಬೀಗದ ಕೈ ಇಲ್ಲಿದೆ’, ಇಷ್ಟೇ ಮಾತು. ಗಂಡಂದಿರು ನಡುವೆ ಬಾಯಿ ಹಾಕಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು. ವಾರಗಿತ್ತಿ ಬೇರೊಂದು ದಿನ ಪಾಠಕ್ಕೆ ಹೋಗತೊಡಗಿದಳು. ಮಹಡಿಯ ಮೇಲೆ ಪಿಟೀಲು ಮತ್ತೆ ನುಡಿಯಿತು.

ಟೈಲರಮ್ಮನಿಗೆ ಪಿಟೀಲನ್ನೇ ಬಿಟ್ಟುಬಿಡಬೇಕೆನಿಸಿತು. ಹಾಗೆ ಹೇಳಲೆಂದೇ ಹೋಗಿ ಮೇಷ್ಟರ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ವಾರದ ಗುರಿ ಹೇಳಿದರು: ಬೆರಳನ್ನು ತಂತಿಯಿಂದ ಎತ್ತದೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಬೇಕು.

“ತೋರಿಸೋಣ ಅಂದ್ರೆ ನನ್ನ ಬೆರಳು ಈಗ ನಡುಗುತ್ತೆ,” ಎಂದರು. “ನಿಮ್ಮ ವಾರಗಿತ್ತಿಗೆ ಚೆನ್ನಾಗಿ ಬರುತ್ತೆ. ಅವಳ ಹತ್ರ ಕಲೀರಿ.”

ಕೆಲವು ದಿನ ಟೈಲರಮ್ಮ ತಾನೇ ಪ್ರಯತ್ನಿಸಿದಳು. ಬೆರಳು ಜಾರಲಿಲ್ಲ, ತಡವರಿಸಿತು. ಒಂದು ರಜೆಯ ಬೆಳಿಗ್ಗೆ ಪಿಟೀಲು ಹಿಡಿದು ಮಹಡಿ ಹತ್ತಿದಳು. ಬಾಗಿಲು ತೆರೆದ ವಾರಗಿತ್ತಿ ಅವಳನ್ನೂ ಪಿಟೀಲನ್ನೂ ನೋಡಿದಳು.

“ತಪ್ಪಾಯ್ತು ಕಣೇ,” ಎಂದಳು ಟೈಲರಮ್ಮ. “ಇದೊಂದು ಬರ್ತಿಲ್ಲ. ತೋರಿಸ್ತೀಯಾ?”

“ಕೂತ್ಕೊಳ್ಳಿ,” ಎಂದಳು ಅವಳು. ದನಿ ಬಿಗಿಯಾಗಿಯೇ ಇತ್ತು.

ಮೊದಲು ತಾನು ನುಡಿಸಿ ತೋರಿಸಿದಳು. ಬೆರಳು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಟೈಲರಮ್ಮನ ಎದೆ ಹಿಂದಿನಂತೆಯೇ ಉರಿಯಿತು. ಕ್ಷಮೆ ಕೇಳಿದ ಮಾತ್ರಕ್ಕೆ ಅದು ಆರುವಂಥದ್ದಲ್ಲ. ಆಮೇಲೆ ಆಕೆಯ ಸರದಿ. ವಾರಗಿತ್ತಿ ಅವಳ ಎಡ ಮೊಣಕೈಯನ್ನು ಹಿಡಿದು ಒಂದಿಷ್ಟು ಒಳಕ್ಕೆ ತಂದಳು. ಕಿರಿಯಳಿಂದ ತಿದ್ದಿಸಿಕೊಳ್ಳುವುದಕ್ಕಿಂತ ಕಷ್ಟದ್ದು ಲೋಕದಲ್ಲಿ ಇನ್ನೇನಿದೆ ಎನಿಸಿತು ಟೈಲರಮ್ಮನಿಗೆ. ಆದರೂ ಮೊಣಕೈಯನ್ನು ಅಲ್ಲಿಂದ ಕದಲಿಸಲಿಲ್ಲ. ಕಮಾನು ಎಳೆದಳು. ಬೆರಳು ಅರ್ಧದವರೆಗೆ ಜಾರಿ ನಿಂತಿತು.

“ಇನ್ನೊಂದ್ಸಲ,” ಎಂದಳು ವಾರಗಿತ್ತಿ.