ಅತ್ತೆಯ ಬರಿಗೈ ಪೂಜೆ

ಮೊನ್ನೆ ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ಪೂಜಾ ಸಾಮಾನಿನ ಅಂಗಡಿಯೊಂದರ ಮುಂದೆ ಆಟೋಗೆ ಕಾಯುತ್ತಾ ನಿಂತಿದ್ದೆ. ಅಂಗಡಿಯವಳು ವಿಭೂತಿ ಗಟ್ಟಿಗಳ ಪೊಟ್ಟಣ ಬಿಚ್ಚಿದಳು. ಆ ಒಣ ಬೂದಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಅತ್ತೆ ಬಂದು ಪಕ್ಕದಲ್ಲಿ ನಿಂತಂತಾಯಿತು. ಆಟೋ ಬಂತು, ಹೋಯಿತು, ನಾನು ಹತ್ತಲಿಲ್ಲ. ಈ ವಯಸ್ಸಿನಲ್ಲಿ ನೆನಪೂ ಒಂದು ಹೊರೆಯೇ, ಇಳಿಸಿದರೆ ಸಾಕೆನ್ನಿಸುತ್ತದೆ...

ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪ ಮುಳ್ಳೂರಿನ ಲಿಂಗಾಯತರ ಮನೆಯ ಮಗ. ಅಮ್ಮ ರಾಮಾಪುರದಿಂದಾಚೆ ಕಾಡಂಚಿನ ಊರಿನ ತಮಿಳು ಕ್ರೈಸ್ತರವಳು. ಕೊಳ್ಳೇಗಾಲ ಇನ್ನೂ ಮದರಾಸಿನ ಕಡೆ ಇದ್ದಾಗಲೇ ರಿಜಿಸ್ಟರ್ ಮದುವೆಯಾದವರು. ಆಮೇಲೆ ಊರು ಮೈಸೂರಿಗೆ ಸೇರಿತು, ಅಪ್ಪ ಮಾತ್ರ ತಮ್ಮವರನ್ನು ಮತ್ತೆ ಸೇರಲಿಲ್ಲ. ಗಂಡ ಸತ್ತ ಈ ಅತ್ತೆಯೊಬ್ಬಳೇ ಯಾರ ಮಾತಿಗೂ ಸೊಪ್ಪು ಹಾಕದೆ ತಮ್ಮನ ಮನೆಗೆ ಬಂದು ನೆಲೆಸಿದಳು.

ಹೈಸ್ಕೂಲ್ ಮೇಷ್ಟರಾಗಿದ್ದ ಅಪ್ಪ ಮನೆಗೊಂದು ಕಾನೂನು ಮಾಡಿದ್ದರು. ಗೋಡೆಯ ಮೇಲೆ ಯಾವ ದೇವರೂ ಇರಕೂಡದು. ಹೊಸ ಕ್ಯಾಲೆಂಡರ್ ಬಂದರೆ ಚಿತ್ರ ಕತ್ತರಿಸಿ ತಾರೀಕನ್ನಷ್ಟೇ ನೇತುಹಾಕುವರು. ಅಮ್ಮ ಒಲೆಯ ಮುಂದೆ ತುಟಿಯಲ್ಲೇ ಜಪಮಾಲೆಯ ಮಂತ್ರ ಹೇಳಿಕೊಳ್ಳುವಳು. ಅತ್ತೆ ಹಿತ್ತಿಲ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದಳು. ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ನನಗೆ ಲಿಂಗವನ್ನೂ ಕಟ್ಟಿರಲಿಲ್ಲ, ಚರ್ಚಿನಲ್ಲಿ ಸ್ನಾನದೀಕ್ಷೆಯೂ ಆಗಿರಲಿಲ್ಲ. ದೊಡ್ಡವಳಾದ ಮೇಲೆ ನೀನೇ ಆರಿಸಿಕೋ ಎನ್ನುವರು ಅಪ್ಪ, ರವಿಕೆ ಬಟ್ಟೆ ಆರಿಸುವ ಹಾಗೆ! ಸ್ಕೂಲಿನಲ್ಲಿ ಹುಡುಗಿಯರು "ನಿಮ್ ದ್ಯಾವ್ರು ಯಾವ್ದೇ?" ಎಂದು ಕೇಳಿದರೆ ಪುಸ್ತಕ ತೆರೆದು ತಲೆ ತಗ್ಗಿಸಿಬಿಡುತ್ತಿದ್ದೆ. ಅಲ್ಲೂ ಸಲ್ಲದ ಇಲ್ಲೂ ಸಲ್ಲದ ನನಗೆ ಒಂದು ದೇವರು ಬೇಕಿತ್ತು. ತುಂಬಾ ಬೇಕಿತ್ತು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಅಮ್ಮನ ತಾಯಿ ತೀರಿಕೊಂಡರು. ಅತ್ತೆ ಯಾರೂ ಕರೆಯದೆ ತಾನಾಗಿಯೇ ಹೊರಟು ನಿಂತಳು. ಅಲ್ಲಿ ಗುಂಡಿಗೆ ಪೆಟ್ಟಿಗೆ ಇಳಿಸಿದ ಮೇಲೆ ಒಬ್ಬೊಬ್ಬರೂ ನಿಂತಲ್ಲಿಂದಲೇ ಒಂದು ಹಿಡಿ ಮಣ್ಣು ಎಸೆದರು. ಅತ್ತೆಗೆ ಎಸೆಯುವುದು ಒಗ್ಗಲಿಲ್ಲ. ಅವಳ ಕಡೆ ಸತ್ತವರ ಮೇಲೆ ಮಣ್ಣನ್ನು ಎಸೆಯುವುದಿಲ್ಲವಂತೆ, ಬಗ್ಗಿ ಬಿಡುತ್ತಾರಂತೆ. ಮಂಡಿಯೂರಿ, ಎದೆಯವರೆಗೂ ಗುಂಡಿಯೊಳಕ್ಕೆ ಬಗ್ಗಿ, ಎರಡೂ ಕೈಯಿಂದ ಮೆಲ್ಲಗೆ ಮಣ್ಣು ಬಿಟ್ಟು ಎದ್ದಳು. ಹಿಂದೆಯೇ ಗಂಡಸರು ಗುಂಡಿ ಮುಚ್ಚಿದರು.

ವಾಪಸು ಬರುವಾಗ ರಾಮಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಬಾಯಾರಿದೆ ಎಂದು ಅತ್ತೆ ತನ್ನ ಚೊಂಬು ಎತ್ತಿದಳು. ಕುಡಿಯುವ ಮುಂಚೆ ಲಿಂಗವನ್ನು ಮುಟ್ಟಿಕೊಳ್ಳುವುದು ಅವಳ ರೂಢಿ. ಕೈ ಎದೆಗೆ ಹೋಯಿತು, ಅಲ್ಲೇ ನಿಂತಿತು. ಲಿಂಗ ಕಟ್ಟಿದ್ದ ಹಳೇ ಶಿವದಾರ ಕಡಿದು ತುದಿ ಮಾತ್ರ ಕೊರಳಲ್ಲಿತ್ತು. ಬೆಳ್ಳಿಯ ಕರಡಿಗೆ ಬೇಡವೆಂದು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದದ್ದರಿಂದ ಬಿದ್ದ ಸದ್ದೂ ಆಗಿರಲಿಲ್ಲ.

"ಮಣ್ ಬಿಟ್ಟಾಗ ಎದೆ ಅಗುರಾದಂಗಾಯ್ತು. ಅತ್ತಿದ್ಕೆ ಇರ್ಬೇಕು ಅಂದ್ಕಂಡೆ" ಎಂದಳು ಅತ್ತೆ. ಚೊಂಬಿನ ನೀರನ್ನು ಬೇಲಿಯ ಬುಡಕ್ಕೆ ಸುರಿದುಬಿಟ್ಟಳು.

ಲಿಂಗ ಕಳೆದುಕೊಂಡವರು ಅದು ಸಿಗುವ ತನಕ ಅನ್ನ ನೀರು ಮುಟ್ಟಬಾರದು. ಅತ್ತೆ ಎಂಥವಳೆಂದು ನಮಗೆಲ್ಲ ಗೊತ್ತಿತ್ತು, ಪ್ರಾಣ ಬಿಟ್ಟಾಳೇ ಹೊರತು ನೇಮ ಬಿಡುವವಳಲ್ಲ. ದೇವರೇ ಇಲ್ಲ ಎನ್ನುವ ಅಪ್ಪ, "ನಡಿ ಅಕ್ಕ, ವಾಪಸ್ ಹೋಗಿ ಗುಂಡಿ ತೆಗೆಸೋಣ" ಎಂದು ಎದ್ದರು. ಅಮ್ಮನ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳೇ ಅತ್ತೆಯ ಕೈ ಹಿಡಿದು, "ತೆಗೀಲಿ ಅತ್ತಿಗೆ, ನಮ್ಮಮ್ಮ ಏನೂ ಅಂದ್ಕೊಳ್ಳಲ್ಲ" ಎಂದಳು.

ಅತ್ತೆ ಅವಳನ್ನೇ ನೋಡುತ್ತಾ ಕೂತಿದ್ದಳು. "ಬ್ಯಾಡ ಕಣಮ್ಮಿ. ಈಗಿನ್ನೂ ಮಲ್ಗವ್ಳೆ ನಿಮ್ಮವ್ವ. ಎಬ್ಬುಸ್ಬ್ಯಾಡಿ."

ಮನೆಗೆ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅತ್ತೆ ಉಣ್ಣಲಿಲ್ಲವೆಂದು ಅಮ್ಮನೂ ಉಣ್ಣಲಿಲ್ಲ. ಮಾರನೆಯ ದಿನ ಅಪ್ಪ ಯಾರನ್ನೋ ಕಾಡಿಬೇಡಿ ಮಠದ ಅಯ್ಯನವರನ್ನು ಕರೆತಂದರು. "ಹೊಸ ಲಿಂಗ ಕಟ್ತೀನಿ ಕಣವ್ವ, ಎದ್ದೇಳು" ಎಂದರು ಅವರು.

"ಹೊಸದ್ನ ಕಟ್ಕಂಡ್ರೆ ಅಳೇದು ಸತ್ತಂಗಲ್ವಾ ಅಯ್ನೋರೆ? ಅದು ಸತ್ತಿಲ್ಲ. ಅಲ್ಲೇ ಆವಮ್ಮನ ತಾವ ಅದೆ."

ಅಯ್ಯನವರು ತುಂಬಾ ಹೊತ್ತು ಹೇಳಿದರು, ಆಮೇಲೆ ರೇಗಿದರು. ಲಿಂಗವಿಲ್ಲದವಳ ಹೊಸಿಲು ಇನ್ನು ತುಳಿಯುವುದಿಲ್ಲವೆಂದು ಹೊರಟುಹೋದರು.

ಅದರ ಮಾರನೆಯ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಎದ್ದಳು, ಮಿಂದಳು, ಮಣೆಯ ಮೇಲೆ ಕೂತಳು. ಎಡಗೈಯನ್ನು ಎಂದಿನಂತೆ ಎದೆಯ ನೇರಕ್ಕೆ ಚಾಚಿ, ಬರಿಯ ಅಂಗೈಗೆ ನೀರು ಬಿಟ್ಟಳು. ವಿಭೂತಿ ಇಟ್ಟಳು, ಒಂದು ಕಣಗಿಲೆ ಹೂವಿಟ್ಟಳು. ಎಂದಿನಷ್ಟೇ ಹೊತ್ತು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ನಿನ್ನ ಒಲೆ ಮ್ಯಾಲೆ ಏನಾದ್ರೂ ಅದಾ? ಒಂದೀಟು ಗಂಜಿ ಕೊಡಮ್ಮಿ, ಇಬ್ರೂ ಕುಡಿಯವಾ" ಎಂದಳು. ಅಷ್ಟು ವರ್ಷದಲ್ಲಿ ಅಮ್ಮನ ಒಲೆಯದನ್ನು ಅವಳು ಉಂಡದ್ದು ಅದೇ ಮೊದಲು. ಅಮ್ಮ ಅಳುತ್ತಲೇ ಬಡಿಸಿದಳು.

ಅತ್ತೆ ಗೆದ್ದಳು ಎಂದು ನಾನು ಹೇಳಲಾರೆ. ನೆಂಟರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಅವಳಿಗೂ ದಣಿವಿತ್ತು. ಒಂದು ದಿನ ನಾನು, "ಅತ್ತೆ, ಕೈಯಲ್ಲಿ ಏನೂ ಇಲ್ವಲ್ಲ?" ಎಂದು ಕೇಳಿಯೇಬಿಟ್ಟೆ. ಬೈಯಲಿಲ್ಲ. "ಒಂದಿನ ಕಾಣ್ತದೆ, ಒಂದಿನ ಬರೀ ಕೈಯೇ. ಏನ್ ಮಾಡದು, ಕೂತ್ಕಬೇಕು" ಎಂದಳು. ಅಪ್ಪನ ವಾದದಲ್ಲಾಗಲಿ ಅಮ್ಮನ ಜಪದಲ್ಲಾಗಲಿ ನನಗೆ ಸಿಗದಿದ್ದದ್ದು ಆ ಮಾತಿನಲ್ಲಿ ಸಿಕ್ಕಿತು. ನಾನೂ ಅವಳ ಪಕ್ಕದಲ್ಲಿ ಕೂರತೊಡಗಿದೆ. ಅದನ್ನು ಕಂಡ ಅಪ್ಪ ಕನ್ನಡಕ ಒರೆಸಿಕೊಂಡು ಆಚೆ ಹೋದರು.

ನಾನು ಕೆಲಸಕ್ಕೆ ಸೇರಿದ ಮೇಲೆ, ಎಪ್ಪತ್ತರ ದಶಕದಲ್ಲಿ, ಅತ್ತೆ ಹೋದಳು. ಕೈಯಲ್ಲೊಂದು ಹೊಸ ಲಿಂಗವಿಟ್ಟರೆ ಕುಲದವರ ಜಾಗದಲ್ಲೇ ಮಣ್ಣು ಮಾಡಬಹುದೆಂದು ಮುಳ್ಳೂರಿನಿಂದ ಹೇಳಿಕಳಿಸಿದರು. ಅಮ್ಮ ಅತ್ತೆಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತವಳು ಬಿಡಲೇ ಇಲ್ಲ. ಕೊನೆಗೆ ಅಪ್ಪನ ಪಾಲಿನ ಹೊಲದ ಬದುವಿನಲ್ಲಿ ಕೂರಿಸಿ ಮಣ್ಣು ಮಾಡಿದೆವು. ಎಲ್ಲರೂ ಬಗ್ಗಿ ಮಣ್ಣು ಬಿಟ್ಟೆವು...

ಈಗ ಅಪ್ಪನೂ ಅಮ್ಮನೂ ಇಲ್ಲ. ಬೆಳಿಗ್ಗೆ ಮಂಡಿ ನೋವಿಗೆ ಕುರ್ಚಿಯ ಮೇಲೆಯೇ ಕೂತು ಕೈ ಚಾಚುತ್ತೇನೆ. ಹೆಚ್ಚಿನ ದಿನಗಳಲ್ಲಿ ಬರೀ ಕೈಯೇ. ಅವಳಿಗೂ ಹೆಚ್ಚಿನ ದಿನ ಹೀಗೇ ಇತ್ತೇ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳೋಣವೆಂದರೆ ಅತ್ತೆಯಿಲ್ಲ.