ಉಳಿಸಿದ ನೀರು

ಬೆಂಗಳೂರಿನ ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಮಗಳು ಹೈಸ್ಕೂಲು ಸೇರಿದ ವರ್ಷ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಬೆಳಗಾಗುವ ಮುಂಚೆ ಹಸು ಕರೆದು, ಹಾಲನ್ನು ಡೈರಿಗೆ ಹಾಕಿ, ಮಾರಿಕುಪ್ಪಂನಿಂದ ಬರುವ ರೈಲು ಹಿಡಿಯಲು ಓಡುತ್ತಿದ್ದೆ.

ಅದೇ ಹೋಟೆಲಿಗೆ ಹೋಗುವ ಕೆ.ಜಿ.ಎಫ್.ನ ಹೆಂಗಸೊಬ್ಬರು ರೈಲಿನಲ್ಲಿ ಸಿಗುತ್ತಿದ್ದರು. ನನಗಿಂತ ತುಂಬ ದೊಡ್ಡವರು, ಅಕ್ಕ ಅನ್ನುತ್ತಿದ್ದೆ. ಅವರ ಗಂಡ ಚಿನ್ನದ ಗಣಿಯಲ್ಲಿದ್ದವರು, ಗಣಿ ಮುಚ್ಚಿದ ಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಅಕ್ಕ ಮನೆಯಲ್ಲಿ ತಮಿಳು, ಟೊಮೆಟೊ ಮಾರುವವರ ಜೊತೆ ತೆಲುಗು, ನನ್ನ ಜೊತೆ ಕನ್ನಡ ಆಡುತ್ತಿದ್ದರು. ನಮ್ಮ ಕಡೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ಬಿಡುತ್ತಾರಲ್ಲ, ಸಂಜೆ ಕಿಟಕಿಯಾಚೆ ತುಂಬಿದ ಕೆರೆ ಕಂಡರೆ ಅಕ್ಕ ನಗುತ್ತಿದ್ದರು. "ನಾವು ಒಗ್ದಿದ್ ನೀರು ನಮ್ಗಿಂತ ಮುಂಚೆ ಊರು ಸೇರ್ಕಂಡೈತೆ ನೋಡಮ್ಮಾ."

ಒಂದು ದಿನ ನಮ್ಮನ್ನೆಲ್ಲ ಊಟದ ಕೋಣೆಯಲ್ಲಿ ಸೇರಿಸಿದರು. ನಮ್ಮ ಕಂಪನಿಗೆ ಬೇರೆ ಬೇರೆ ಊರುಗಳಲ್ಲಿ ಹೋಟೆಲು, ಆಫೀಸು ಕಟ್ಟಡ, ಅಪಾರ್ಟ್‌ಮೆಂಟು ಎಲ್ಲ ಇದ್ದವು. ಪರಿಸರದ ಕೆಲಸ ನೋಡಿಕೊಳ್ಳಲೆಂದೇ ಹೊಸದಾಗಿ ಬಂದಿದ್ದ ಮೇಡಂ ಮಾತಾಡಿದರು. ಚಿಕ್ಕ ವಯಸ್ಸು, ಮೆದು ದನಿ. ಕರೆಂಟು, ನೀರು, ಕಸ ಎಲ್ಲವನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಏನೂ ಉಳಿಯುವುದಿಲ್ಲ ಎಂದರು. ಬಾಯಿಮಾತಿಗೆ ಹೇಳಿದ್ದಲ್ಲ ಅದು. ಸ್ವಲ್ಪ ದಿನದಲ್ಲೇ ಪ್ಲಾಸ್ಟಿಕ್ ಬಾಟಲಿ ಹೋಗಿ ಗಾಜಿನವು ಬಂದವು. ಅಡುಗೆಮನೆಯ ಕಸದಿಂದ ಗ್ಯಾಸು ಮಾಡತೊಡಗಿದರು. ಪ್ರತಿ ರೂಮಿನ ಹಾಸಿಗೆಯ ಮೇಲೂ ಒಂದು ಚೀಟಿ ಇಟ್ಟರು: ಟವೆಲನ್ನು ಇನ್ನೊಂದು ದಿನ ಬಳಸುವುದಾದರೆ ದಯವಿಟ್ಟು ಕೊಕ್ಕೆಗೆ ನೇತುಹಾಕಿ.

ನನಗೆ ಹೆಮ್ಮೆಯೇ ಆಯಿತು. ತೊಟ್ಟಿ ನೀರಿಗೆ ಸಾಲು ನಿಂತು ಬೆಳೆದವಳು ನಾನು. ಕೆಳಗೆ ಬರುವ ಬಟ್ಟೆಯ ರಾಶಿ ಕಮ್ಮಿಯಾಯಿತು, ಮಧ್ಯಾಹ್ನ ಒಂದಿಷ್ಟು ಹೊತ್ತು ಬೆನ್ನು ಒರಗಿಸಿ ಕೂರುವ ಹಾಗಾಯಿತು. ಅಕ್ಕನಿಗೆ ಮಾತ್ರ ಆ ಬಿಡುವು ಹಿಡಿಸಲಿಲ್ಲ.

"ಗಣೀಲೂ ಇಂಗೇ ಆಯ್ತು," ಅಂದರು. "ಮೊದ್ಲು ಕೆಲ್ಸ ಕಮ್ಮಿ ಆಯ್ತು. ಆರಾಮಾಗೈತೆ ಅಂತ ನಮ್ಮನೆಯೋರು ಬೀಡಿ ಸೇದ್ಕಂಡ್ ಕೂತಿದ್ರು."

ಮುಂದಿನ ಬೇಸಿಗೆಯಲ್ಲಿ ಒಗೆಯುವ ವಿಭಾಗವನ್ನೇ ಮುಚ್ಚಿದರು. ಊರಾಚೆ ದೊಡ್ಡದೊಂದು ಕಾರ್ಖಾನೆ, ಒಂದೇ ನೀರನ್ನು ಮತ್ತೆ ಮತ್ತೆ ಶುದ್ಧ ಮಾಡಿ ಒಗೆಯುವ ಯಂತ್ರಗಳು. ಎಲ್ಲ ಹೋಟೆಲುಗಳ ಬಟ್ಟೆಯೂ ಲಾರಿಯಲ್ಲಿ ಅಲ್ಲಿಗೇ. ನಮ್ಮಲ್ಲಿ ವಯಸ್ಸು ಚಿಕ್ಕದಿದ್ದವರನ್ನು ರೂಮು ಸ್ವಚ್ಛ ಮಾಡಲು ಹಾಕಿಕೊಂಡರು. ಅಕ್ಕನಂಥವರಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಮೇಡಂ ಖುದ್ದಾಗಿ ಕೆಳಗೆ ಬಂದು ಅಕ್ಕನ ಕೈ ಹಿಡಿದುಕೊಂಡರು.

"ನನ್ನ ಕೈಲಿರಲಿಲ್ಲ ಅಮ್ಮಾ," ಎಂದರು. ಕಣ್ಣು ತುಂಬಿತ್ತು.

"ಬುಡಮ್ಮಾ, ನೀನೇನ್ ಮಾಡ್ತೀಯ," ಎಂದು ಅಕ್ಕನೇ ಸಮಾಧಾನ ಹೇಳಿದರು.

ಬೈಯಲು ಯಾರಾದರೂ ಸಿಕ್ಕಿದ್ದರೆ ಮನಸ್ಸು ಹಗುರಾಗುತ್ತಿತ್ತೋ ಏನೋ. ನೀರು ನಿಜವಾಗಿಯೂ ಉಳಿದಿತ್ತು. ಮೇಡಂ ನಿಜವಾಗಿಯೂ ಅತ್ತಿದ್ದರು.

ಮಳೆಗಾಲ ಶುರುವಾದಾಗ ಕಂಪನಿಯವರು ಸಸಿ ನೆಡಲು ಕೆ.ಜಿ.ಎಫ್.ಗೆ ಬಂದರು. ಕಟ್ಟಡ ಕಟ್ಟಿ, ಏಸಿ ಓಡಿಸಿ ಗಾಳಿ ಕೆಡಿಸಿದ್ದಕ್ಕೆ ಬದಲಾಗಿ ಎಲ್ಲಾದರೂ ಗಿಡ ಬೆಳೆಸಬೇಕಂತೆ. ದಾರಿ ಗೊತ್ತಿದೆಯೆಂದು ನನ್ನನ್ನೂ ಕರೆದುಕೊಂಡು ಹೋದರು. ಜಾಗ ಅಕ್ಕನ ಮನೆಯ ಹಿಂದೆಯೇ. ಚಿನ್ನ ತೆಗೆದು ಬಿಸಾಕಿದ ಪುಡಿಮಣ್ಣು ಅಲ್ಲಿ ಗುಡ್ಡಗಟ್ಟಿ ನಿಂತಿದೆ, ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಎದ್ದರೆ ಆ ಮಣ್ಣೆಲ್ಲ ಗಣಿ ಕೆಲಸದವರ ಲೈನ್ ಮನೆಗಳ ಒಳಗೆ ಬರುತ್ತದೆ, ಅನ್ನದ ತಟ್ಟೆಗೂ ಬೀಳುತ್ತದೆ. ದಿಬ್ಬದ ಬುಡದಲ್ಲಿ ಗುಂಡಿ ತೋಡುವ ಕೂಲಿಯವರ ನಡುವೆ ಅಕ್ಕ ಇದ್ದರು.

ನನ್ನನ್ನು ಕಂಡು ಗುದ್ದಲಿ ಬಿಟ್ಟು ಬಂದರು. ಮೇಡಂಗೂ ಗುರುತು ಸಿಕ್ಕಿತು. ಅಕ್ಕನ ಕೈಯಿಂದಲೇ ಒಂದು ಬೇವಿನ ಸಸಿ ನೆಡಿಸಿ ಫೋಟೋ ತೆಗೆಸಿದರು.

"ಇದು ಬೆಳೆದರೆ ನಿಮ್ಮ ಮನೆಗೆ ಧೂಳು ಬರಲ್ಲ ಅಮ್ಮಾ," ಎಂದರು.

ಅಕ್ಕ ಅದನ್ನು ನಂಬಿದರು. ನಾನೂ ನಂಬಿದೆ. ಅಷ್ಟು ವರ್ಷ ಆ ದಿಬ್ಬದ ಹತ್ತಿರ ಹೀಗೆ ಕೆಲಸಕ್ಕೆಂದು ಬಂದವರನ್ನು ಅಕ್ಕ ನೋಡಿಯೇ ಇರಲಿಲ್ಲವಂತೆ.

ಮಳೆ ಇರುವಷ್ಟು ದಿನ ಸಸಿಗಳು ಹಸಿರಾಗಿದ್ದವು. ಸಂಕ್ರಾಂತಿ ಕಳೆದ ಮೇಲೆ ನೀರು ಹಾಕುವ ಗುತ್ತಿಗೆಯವನು ಬರುವುದನ್ನು ಬಿಟ್ಟ. ನಾನೊಂದು ಭಾನುವಾರ ಹೋದಾಗ ಅಕ್ಕ ತಮ್ಮ ಪಾಲಿಗೆ ಬಂದ ನಲ್ಲಿ ನೀರಿನಲ್ಲೇ ಒಂದು ಬಿಂದಿಗೆ ಎತ್ತಿಕೊಂಡು ದಿಬ್ಬದ ಕಡೆ ಹೊರಟಿದ್ದರು. ಉಸಿರು ಕಟ್ಟುತ್ತಿತ್ತು. ಬಿಂದಿಗೆ ಕೊಡಿ ಎಂದರೆ ಕೊಡಲಿಲ್ಲ.

"ಎಷ್ಟ್ ಗಿಡಕ್ಕೆ ಅಂತ ಉಯ್ತೀರ ಅಕ್ಕಾ?"

"ನಾನ್ ನೆಟ್ಟಿದ್ದಕ್ಕಾದ್ರೂ ಉಯ್ತೀನಿ ಕಣಮ್ಮಾ."

ಯುಗಾದಿಯ ಹೊತ್ತಿಗೆ ಅದೂ ಒಣಗಿತು. ಅಕ್ಕನಿಗೆ ಕೆಮ್ಮು ಜಾಸ್ತಿಯಾಗಿ ದಿಬ್ಬದವರೆಗೂ ನಡೆಯಲು ಆಗುತ್ತಿರಲಿಲ್ಲ. ಕಿಟಕಿಗೆ ಒದ್ದೆ ಸೀರೆ ಕಟ್ಟಿ ಒಳಗೇ ಕೂತಿರುತ್ತಿದ್ದರು. ಹೋಟೆಲಿಗೆ ಪರಿಸರದ ಪ್ರಶಸ್ತಿ ಬಂದ ಸುದ್ದಿ ಹೇಳಿದೆ. ಮೇಡಂ ವೇದಿಕೆಯ ಮೇಲಿದ್ದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದೆ. ಅಕ್ಕ ಬಹಳ ಹೊತ್ತು ನೋಡಿದರು.

"ಪಾವಂ, ಪಾಪ, ಒಳ್ಳೇ ಉಡ್ಗಿ. ಗಿಡ ಒಣಗೋಯ್ತು ಅಂತ ಅವ್ಳಿಗೆ ಯೋಳ್ಬೇಡ. ನೊಂದ್ಕತಾಳೆ."

ಆದರೆ ನಾನು ಹೇಳಿದೆ. ಹೇಳಿದರೆ ಏನಾದರೂ ಆದೀತು, ಮತ್ತೆ ಬಂದಾರು, ಒಂದು ಟ್ಯಾಂಕರ್ ನೀರಾದರೂ ಕಳಿಸಿಯಾರು ಎಂಬ ಆಸೆ. ಮೇಡಂ ಮುಖ ಸಣ್ಣದಾಯಿತು. ಮೇಲಿನವರಿಗೆ ತಿಳಿಸುತ್ತೇನೆ ಎಂದರು, ತಿಳಿಸಿದರು ಕೂಡ. ತಿಂಗಳು ಕಳೆದು ನನ್ನನ್ನು ಕರೆದು ಹೇಳಿದರು: "ಆ ಮಣ್ಣಲ್ಲಿ ಗಿಡ ಉಳಿಯಲ್ವಂತೆ. ಈ ವರ್ಷದಿಂದ ಬೆಂಗಳೂರಿನ ಹತ್ತಿರವೇ ಬೇರೆ ಜಾಗ ನೋಡಿದ್ದಾರೆ. ಅಲ್ಲಿ ನೀರಿದೆ."

ಸರಿಯಾದ ಮಾತೇ. ಬದುಕದ ಕಡೆ ಯಾಕೆ ನೆಡಬೇಕು. ಆಯ್ತು ಮೇಡಂ ಎಂದು ರೂಮುಗಳ ಕಡೆ ಹೋದೆ.

ಅದಾದ ಮೇಲೂ ಅಕ್ಕನ ಮನೆಗೆ ಹೋಗುತ್ತಿದ್ದೆ. ಕ್ಯಾಸಂಬಳ್ಳಿ ಬಸ್ಸಿನಲ್ಲಿ ಬರುವ ಸೊಪ್ಪು ಕೊಂಡು ಹೋಗಿ ಒಂದು ಸಾರು ಮಾಡಿಟ್ಟು ಬರುತ್ತಿದ್ದೆ. ಕಂಪನಿಯವರು ಮತ್ತೆ ಬರುತ್ತಾರಾ ಎಂದು ಅಕ್ಕ ಕೇಳಲಿಲ್ಲ, ನಾನು ಹೇಳಲಿಲ್ಲ. ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಊಟ ಬಡಿಸಿದೆ. ಅಕ್ಕ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಒಳಗೆ ಕೈಯಿಟ್ಟು, ಬೇಗ ಬೇಗ ತಿಂದರು.