ಹಿತ್ತಾಳೆ ಕುದುರೆಯ ಅಡಿಯ ಗುರುತು

ನನ್ನ ಸೋದರತ್ತೆಯನ್ನು ಜನ ಕುದುರೆ ಅತ್ತೆ ಎಂದು ಕರೆಯುತ್ತಾರೆ. ಹೊಸಬರು ಅವಳ ನಡಿಗೆ ನೋಡಿ ಈ ಹೆಸರು ಬಂತು ಎಂದುಕೊಳ್ಳುತ್ತಾರೆ. ನಡಿಗೆ ಹಾಗೆಯೇ ಇದೆ, ಸುಳ್ಳಲ್ಲ. ಆದರೆ ತಂತಿವಾದ್ಯದಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ಕುದುರೆ ಎನ್ನುತ್ತಾರಲ್ಲ, ಅತ್ತೆ ಮಾಡುವುದು ಅದನ್ನು. ಅದೂ ಬೇಸ್ ಗಿಟಾರಿಗೆ ಮಾತ್ರ. ಅದಕ್ಕೆ ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಹಾಕುವ ಹಗ್ಗದಷ್ಟು ದಪ್ಪ ಎಂದು ಅತ್ತೆ ಹೇಳುತ್ತಾಳೆ. ಉತ್ಪ್ರೇಕ್ಷೆ ಅವಳ ಹುಟ್ಟುಗುಣ. ಕರೆಂಟಿಗೆ ಸಿಕ್ಕಿಸಿ ನುಡಿಸಿದರೆ ಅದರ ಸದ್ದು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ ಎನ್ನುವುದು ಮಾತ್ರ ನಿಜ.

ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಅವಳ ಅಪ್ಪ ಬಿಟ್ಟುಹೋದ ಲೇತು. ಅಪ್ಪ ಅದರಲ್ಲಿ ಜೀವಮಾನವೆಲ್ಲ ನೀರಿನ ನಲ್ಲಿಗೆ ಹಿತ್ತಾಳೆ ಭಾಗ ತಿರುಗಿಸಿದರು. ಪ್ಲಾಸ್ಟಿಕ್ ನಲ್ಲಿ ಬಂದ ಮೇಲೆ ಆ ಕೆಲಸ ನಿಂತಿತು. ಅತ್ತೆ ಲೇತಿನ ಮೇಲೆ ಚಾದರ ಹೊದಿಸಿ ಸುಮ್ಮನಿದ್ದಾಗ, ಮುಖ್ಯರಸ್ತೆಯಲ್ಲಿ ಗಿಟಾರು ರಿಪೇರಿ ಅಂಗಡಿ ಇಟ್ಟವನು ಮುರಿದ ಕುದುರೆಯೊಂದನ್ನು ತಂದು, ಇಂಥದ್ದು ಮಾಡಿಕೊಡಲು ಆಗುತ್ತದಾ ಎಂದು ಕೇಳಿದ. ಅದು ತೆಳು ತಗಡು ಮಡಚಿದ ಬಡಕಲು ವಸ್ತು. ಇಂಥದ್ದು ಮಾಡುವುದಿಲ್ಲ, ಮಾಡಿದರೆ ಸರಿಯಾದದ್ದು ಮಾಡುತ್ತೇನೆ ಎಂದು ಅತ್ತೆ ಹಿತ್ತಾಳೆ ಗಟ್ಟಿಯಲ್ಲೇ ಕೊರೆದುಕೊಟ್ಟಳು. ಅದನ್ನು ಹಾಕಿಸಿಕೊಂಡವನು, ಸದ್ದಿಗೆ ಈಗ ಕಾಲು ಬಂತು ಎಂದನಂತೆ. ಅಲ್ಲಿಂದ ಬೇಸ್ ನುಡಿಸುವವರು ಒಬ್ಬರ ಹಿಂದೊಬ್ಬರು ಬರತೊಡಗಿದರು. ನಾನು ಪಾಲಿಶ್ ಹಿಡಿಯಲು ಸೇರಿಕೊಂಡೆ.

ಅತ್ತೆಗೆ ಒಂದು ಹಠವಿದೆ. ಅವಳ ಅಪ್ಪ ಮಾಡಿದ ನಲ್ಲಿಗಳ ಮೇಲೆಲ್ಲ ಅಂಗಡಿಯವನ ಹೆಸರಿತ್ತು, ಅಪ್ಪನದ್ದು ಒಂದರ ಮೇಲೂ ಇರಲಿಲ್ಲ. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಇನ್ನೂ ಆರಿಲ್ಲ. ಅದಕ್ಕೇ ಶೆಡ್ಡಿನಿಂದ ಹೊರಗೆ ಹೋಗುವ ಪ್ರತಿ ಕುದುರೆಯ ಅಡಿಯಲ್ಲಿ, ಅದನ್ನು ಮುಟ್ಟಿದವರೆಲ್ಲರ ಗುರುತು ಇರಲೇಬೇಕು. ಹಿತ್ತಾಳೆ ಎರಕ ಹೊಯ್ದವನಿಗೆ ಅರ್ಧಚಂದ್ರ, ಅತ್ತೆಗೆ ಒಂದು ಉಂಗುರ. ನನಗೆ ಚುಕ್ಕೆ. ಚುಕ್ಕೆಗಿಂತ ದೊಡ್ಡದು ಕೊಡು ಎಂದು ಕೇಳಿದ್ದಕ್ಕೆ, ಹೊಳಪು ಹೆಚ್ಚಲಿ, ಆಮೇಲೆ ನೋಡೋಣ ಎಂದಳು. ಗಿಟಾರಿಗೆ ಕೂರಿಸಿದ ಮೇಲೆ ಈ ಗುರುತುಗಳು ಮರಕ್ಕೆ ಮುಖ ಮಾಡಿ ಮಲಗಿರುತ್ತವೆ, ಬಿಚ್ಚಿದವರಿಗಷ್ಟೇ ಕಾಣುತ್ತವೆ. ಯಾರಿಗೂ ಕಾಣದ ಹೆಸರು ಯಾವ ಸುಖಕ್ಕೆ ಎಂದು ರಿಪೇರಿಯವನು ಹಲ್ಲು ಕಿರಿದಾಗ ಅತ್ತೆ ಅವನಿಗೆ ಮಾಡಿದ ಮಂಗಳಾರತಿ ಇಲ್ಲಿ ಬರೆಯುವಂಥದ್ದಲ್ಲ.

ಇನ್ನು ಉಳಿದ ಗುರುತು ಒಂದು ಗಿಡ್ಡ ಗೀಟು. ಅದು ತಿರುಪು ತಾತನದ್ದು. ಕುದುರೆಯ ಮೇಲೆ ಪ್ರತಿ ತಂತಿಗೂ ಒಂದು ಚಿಕ್ಕ ತುಂಡು ಇರುತ್ತದೆ. ಕುದುರೆಗೆ ಜೀನು ಬೇಕಲ್ಲ, ಅದಕ್ಕೇ ಅತ್ತೆ ಅದನ್ನು ಜೀನು ಎನ್ನುತ್ತಾಳೆ. ಜೀನನ್ನು ಎತ್ತರಿಸಲು, ಇಳಿಸಲು ಅಕ್ಕಿಕಾಳಿಗಿಂತ ತುಸು ದಪ್ಪದ ತಿರುಪುಗಳು ಬೇಕು. ಅವನ್ನು ಮಾಡುತ್ತಿದ್ದದ್ದು ನಮ್ಮ ಬೀದಿಯ ಕೊನೆಯ ಮನೆಯ ತಾತ. ಹಿಂದೆ ಗಡಿಯಾರದ ತಿರುಪು ಮಾಡುತ್ತಿದ್ದ ಮನುಷ್ಯ. ತಿರುಪಿನ ಸುರುಳಿ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು ಒಳ್ಳೆಯದೋ ಕೆಟ್ಟದೋ ಹೇಳುತ್ತಿದ್ದರು. ತಮ್ಮ ಕೈಯ ಒಂದು ತಿರುಪೂ ಇವತ್ತಿನವರೆಗೆ ಸಡಿಲವಾಗಿಲ್ಲ ಎಂಬುದು ಅವರ ಒಂದೇ ಒಂದು ಜಂಬ. ಬೇರೆ ಯಾವುದಕ್ಕೂ ಜಂಬ ಪಡುವ ಅವಕಾಶ ಬದುಕು ಅವರಿಗೆ ಕೊಟ್ಟಿರಲಿಲ್ಲ. ಅತ್ತೆಗೆ ತಿರುಪು ಕೊರೆಯುವುದನ್ನು ಕಲಿಸಿದ್ದೂ ಅವರೇ.

ತಾತನ ಕಣ್ಣು ಮಂಜಾಗುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ಕೈಗೆ ದಾರಿ ಗೊತ್ತಿದೆ, ಕಣ್ಣು ಯಾಕೆ ಎನ್ನುತ್ತಿದ್ದರು. ತಿರುಪುಗಳನ್ನು ಸೊಸೆಯ ಕೈಯಲ್ಲಿ ಕಳಿಸುತ್ತಲೇ ಇದ್ದರು. ಆದರೆ ಕೈಯೂ ನಡುಗತೊಡಗಿತ್ತು. ಬಂದ ತಿರುಪುಗಳಲ್ಲಿ ಕೆಲವು ಸೊಟ್ಟ, ಉಳಿದವಕ್ಕೆ ಗೆರೆ ಅರ್ಧಕ್ಕೇ ನಿಂತಿರುತ್ತಿತ್ತು. ಅತ್ತೆ ತುಟಿ ಪಿಟಕ್ಕೆನ್ನದೆ ಅವನ್ನೆಲ್ಲ ಒಂದು ಬಿಸ್ಕತ್ತು ಡಬ್ಬಕ್ಕೆ ಸುರಿದು, ತಾನೇ ಕೂತು ತಿರುಪು ಕೊರೆಯತೊಡಗಿದಳು. ಅಡಿಯಲ್ಲಿ ಮಾತ್ರ ಗಿಡ್ಡ ಗೀಟು ಹಾಗೆಯೇ ಬೀಳುತ್ತಿತ್ತು.

ಪಾಲಿಶ್ ಹಿಡಿಯುವಾಗ ನನಗೆ ಗೊತ್ತಾಯಿತು. ಇದು ತಾತನ ಕೈಯಲ್ಲವಲ್ಲ ಅತ್ತೆ ಎಂದೆ. ನಿನ್ನ ಕೆಲಸ ನೋಡು ಎಂದು ಗದರಿದಳು. ಸ್ವಲ್ಪ ಹೊತ್ತಾದ ಮೇಲೆ ಲೇತು ನಿಲ್ಲಿಸಿ, ಗೀಟು ತೆಗೆದರೆ ಅವರಿಗೆ ಮುಖ ತೋರಿಸುವುದು ಹೇಗೆ, ಇರುವಷ್ಟು ದಿನ ಇರಲಿ ಬಿಡು ಎಂದು ಮೆತ್ತಗೆ ಹೇಳಿದಳು. ಬೇರೆಯವರ ಹೆಸರು ತಿಂದವರನ್ನು ಜೀವಮಾನವೆಲ್ಲ ಬೈದವಳು, ತನ್ನ ಕೆಲಸವನ್ನೇ ಬೇರೆಯವರ ಹೆಸರಿಗೆ ಬರೆದುಬಿಟ್ಟಿದ್ದಳು. ನನಗೆ ಅದು ದೊಡ್ಡತನ ಎಂದೇ ಕಂಡಿತು.

ಎಡವಟ್ಟಾದದ್ದು ಉದ್ದನೆಯವನ ಗಿಟಾರಿನಲ್ಲಿ. ಬಾಗಿಲಲ್ಲಿ ಬಗ್ಗಿ ಬರುವ ಅವನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು. ಬೇಸ್ ನುಡಿಸುವುದರಲ್ಲಿ ಹೆಸರು ಮಾಡಿದವನು. ಇಷ್ಟು ಗಟ್ಟಿ ಸದ್ದು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ಎರಡೂ ಕೈ ಎತ್ತಿ ಬೆರಳು ತೋರಿಸುತ್ತಿದ್ದ. ಬೆರಳಿಗೂ ಅವನಪ್ಪನ ಗುರುತು ಹೊಡೆಯಬೇಕಿತ್ತು ಎಂದು ಅತ್ತೆ ಗೊಣಗುತ್ತಿದ್ದಳು. ಅವನು ತುಂಬಿದ ಸಭೆಯಲ್ಲಿ ನುಡಿಸುತ್ತಿದ್ದಾಗ ದಪ್ಪ ತಂತಿಯ ಜೀನು ಒಂದು ಕಡೆಗೆ ಕುಸಿಯಿತು. ತಂತಿ ಗಿಟಾರಿನ ಕತ್ತಿಗೆ ತಾಗಿ ತಗಡು ಬಡಿದಂತೆ ಸದ್ದು ಮಾಡಿತು. ಮಾರನೆಯ ದಿನ ರಿಪೇರಿ ಅಂಗಡಿಯಲ್ಲಿ ಕುದುರೆ ಬಿಚ್ಚಿ ನೋಡಿದರೆ ಜೀನಿನ ತಿರುಪಿನ ಗೆರೆ ಸವೆದುಹೋಗಿದೆ. ಅಡಿಯಲ್ಲಿ ಗಿಡ್ಡ ಗೀಟು. ಗೀಟು ಯಾರದ್ದು ಎಂದು ಅಲ್ಲಿ ಎಲ್ಲರಿಗೂ ಗೊತ್ತು, ಅತ್ತೆಯೇ ಸಾರಿ ಸಾರಿ ಹೇಳಿದ್ದಳಲ್ಲ. ಮುದುಕನ ತಿರುಪು ಕೈಕೊಟ್ಟಿತು ಎಂದು ಉದ್ದನೆಯವನು ಆಡಿದ ಮಾತು ಸಂಜೆಯೊಳಗೆ ಬೀದಿಯ ಕೊನೆಯ ಮನೆ ಮುಟ್ಟಿತು.

ತಾತನ ಸೊಸೆ ಶೆಡ್ಡಿಗೆ ಬಂದಳು. ಜಗಳಕ್ಕೆ ಬಂದದ್ದಲ್ಲ. ಮಾವ ಕೆಲಸದ ಮೇಜಿನ ಮುಂದೆ ಕೂತಿದ್ದಾರೆ, ಯಾವುದನ್ನೂ ಮುಟ್ಟುತ್ತಿಲ್ಲ, ಯಾವ ತಿರುಪು, ಯಾವಾಗ ಮಾಡಿದ್ದು ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದಾರೆ ಎಂದಳು. ಅವಳು ಹೋದ ಮೇಲೆ ಅತ್ತೆ ಆ ತಿರುಪಿಗೆ ಗೆರೆ ಕೊರೆದ ಡೈಯನ್ನು, ಎಂದರೆ ಒಳಗೆ ಹಲ್ಲಿರುವ ಉಕ್ಕಿನ ಬಿಲ್ಲೆಯನ್ನು, ಬೆಳಕಿಗೆ ಹಿಡಿದು ನೋಡಿದಳು. ಅದರ ಹಲ್ಲು ಸವೆದಿತ್ತು. ಬದಲಿಸಬೇಕು ಎಂದುಕೊಂಡು, ಅವಸರದಲ್ಲಿ ಇನ್ನೊಂದು ಸಲ ನಡೆಯಲಿ ಎಂದು ದೂಡಿದ್ದಳಂತೆ. ತಪ್ಪು ಪೂರ್ತಿ ಅವಳದ್ದೇ.

ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಸುಮ್ಮನಿದ್ದರೆ ತಾತನ ಒಂದೇ ಒಂದು ಜಂಬ ಮಣ್ಣುಪಾಲು. ಬಾಯಿ ಬಿಟ್ಟರೆ, ಅವರ ತಿರುಪುಗಳು ಎಷ್ಟೋ ಕಾಲದಿಂದ ಡಬ್ಬದಲ್ಲಿ ಬಿದ್ದಿವೆ ಎಂಬುದನ್ನೂ ಹೇಳಬೇಕು. ನಾಲ್ಕು ದಿನ ಕಳೆದರೆ ಜನ ಮರೆಯುತ್ತಾರೆ, ಮುದುಕರ ಮನಸ್ಸು ಯಾಕೆ ಮುರಿಯುತ್ತೀಯ ಎಂದು ನಾನು ಹೇಳಿ ನೋಡಿದೆ. ಅಂಗಡಿಯಿಂದ ಬಂದಿದ್ದ ಸವೆದ ತಿರುಪನ್ನು ಮುಷ್ಟಿಯಲ್ಲಿ ಹಿಡಿದು, ಬಿಸ್ಕತ್ತು ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತೆ ಹೊರಟಳು. ನಾನೂ ಹಿಂದೆಯೇ ಹೋದೆ.

ತಾತ ಕೂತಿದ್ದ ಕೋಣೆ ಕಿರಿದು. ಗೋಡೆಯ ಉದ್ದಕ್ಕೂ ಮೇಜು, ಅದರ ಮೇಲೆ ಅರಗಳೆಲ್ಲ ಅಳತೆಯ ಪ್ರಕಾರ ಮಲಗಿದ್ದವು. ಕಣ್ಣಿಲ್ಲದವರಿಗೆ ಅದೇ ದಾರಿ. ಅತ್ತೆ ಪೀಠಿಕೆ ಹಾಕಲು ಬಾಯಿ ತೆರೆದಳು. ತಾತ ಕೈ ಚಾಚಿ, ಮಾತು ಆಮೇಲೆ, ಮೊದಲು ತಿರುಪು ಕೊಡು ಎಂದರು. ಗೆರೆಯ ಮೇಲೆ ಉಗುರು ಎಳೆದರು. ಒಂದೇ ಸಲ.

"ಇದು ನಂದಲ್ಲ," ಎಂದರು.

"ಅಲ್ಲ ತಾತ. ನಂದು," ಎಂದಳು ಅತ್ತೆ.

"ನಂದಲ್ಲದ್ದಕ್ಕೆ ನನ್ನ ಗೀಟು ಯಾಕೆ ಹೊಡೆದೆ?"

ನಿಮ್ಮ ಹೆಸರು ಇರಲಿ ಅಂತ, ಎಂದು ಅತ್ತೆ ಏನೋ ತೊದಲಿದಳು. ಹಾಗಾದರೆ ನನ್ನವೆಲ್ಲ ಎಲ್ಲಿ ಎಂದು ತಾತ ಕೇಳಿದರು. ಅತ್ತೆ ಡಬ್ಬವನ್ನು ಅವರ ತೊಡೆಯ ಮೇಲಿಟ್ಟಳು. ತಾತ ಕೈ ಹಾಕಿ ಒಂದೊಂದೇ ತೆಗೆದು ಉಗುರು ಎಳೆಯುತ್ತ ಹೋದರು, ಎಳೆದದ್ದನ್ನೆಲ್ಲ ಮೇಜಿನ ಎಡಗಡೆಗೆ ಇಡುತ್ತ ಬಂದರು. ಒಳ್ಳೆಯದನ್ನು ಇಡುವ ಬಲಗಡೆಗೆ ಒಂದೂ ಹೋಗಲಿಲ್ಲ. ಸೊಸೆ ಆಗಲೇ ಮುಖ ತಿರುಗಿಸಿಕೊಂಡಿದ್ದಳು.

ಡಬ್ಬ ಅರ್ಧಕ್ಕೆ ಬಂದಾಗ ತಾತ ನಿಲ್ಲಿಸಿದರು. "ಇವು ನನ್ನವೇ," ಎಂದರು. "ಹೇಳೋದಲ್ವಾ ತಾಯಿ? ಉಗುರು ಎಳೆಯೋಕೆ ನಾನೇ ಹೆದರ್ತಿದ್ದೆ. ನೀನು ತಗೊಳ್ತಿದ್ದೀಯ ಅಂತ ಧೈರ್ಯವಾಗಿ ಕಳಿಸ್ತಿದ್ದೆ."

ಅತ್ತೆ ಅತ್ತಳು. ಅವಳಿಗೆ ಅಳುವ ಅಭ್ಯಾಸವಿಲ್ಲ, ಆದ್ದರಿಂದ ಅದು ಕೆಮ್ಮಿನ ಹಾಗೆ ಕೇಳಿಸಿತು. ತಾತ ಸಮಾಧಾನ ಮಾಡಲು ಹೋಗಲಿಲ್ಲ. ಅವರಿಗೆ ಸಿಟ್ಟು ಇನ್ನೂ ಇತ್ತು. ಡಬ್ಬದ ವಿಷಯಕ್ಕಲ್ಲ, ಗೀಟಿನ ವಿಷಯಕ್ಕೆ. ಅಂಗಡಿಗೆ ಹೋಗಿ ಎಲ್ಲರ ಎದುರಿಗೆ ಹೇಳಿ ಬಾ ಎಂದರು. ಎರಕದವನಿಗೆ ಹೇಳಿ ಡಬ್ಬದಲ್ಲಿರುವುದನ್ನೆಲ್ಲ ಕರಗಿಸಲೂ ಹೇಳಿದರು.

ಅತ್ತೆ ಹೋದಳು. ಉದ್ದನೆಯವನು, ರಿಪೇರಿಯವನು, ತಂತಿ ಕೊಳ್ಳಲು ಬಂದವರು ಎಲ್ಲ ಇದ್ದರು. ತಿರುಪು ತನ್ನದು, ಸವೆದ ಡೈಯಲ್ಲಿ ಕೊರೆದದ್ದು ತಾನು, ಸುಳ್ಳು ಗೀಟು ಹೊಡೆದದ್ದೂ ತಾನು, ತಾತನ ತಿರುಪು ಇವತ್ತಿಗೂ ಎಲ್ಲೂ ಸಡಿಲವಾಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಉದ್ದನೆಯವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ತಾತನ ಮನೆ ಯಾವುದು ಎಂದು ನನ್ನನ್ನು ಮೆಲ್ಲಗೆ ಕೇಳಿದ. ಹೋದನಂತೆ ಕೂಡ. ಕ್ಷಮೆ ಕೇಳಲು ಹೋದವನಿಗೆ ತಾತ ಬಾಗಿಲು ತಲೆಗೆ ತಾಗೀತು ಎಂದು ಎಚ್ಚರಿಕೆ ಹೇಳಿದರಂತೆ. ಅವನ ದನಿ ಎಷ್ಟು ಎತ್ತರದಿಂದ ಬಂತೆಂದು ಅವರಿಗೆ ಗೊತ್ತಾಗಿತ್ತು.

ಅತ್ತೆ ಹೊಸ ಡೈ ತಂದು ಅವನಿಗೆ ಮತ್ತೆ ಕುದುರೆ ಮಾಡಿದಳು. ಕಳಿಸುವ ಮೊದಲು ತಾತ ಸೊಸೆಯ ಭುಜ ಹಿಡಿದು ಶೆಡ್ಡಿಗೆ ಬಂದರು, ಯಾರೂ ಕರೆದಿರಲಿಲ್ಲ. ತಿರುಪುಗಳ ಮೇಲೆ ಉಗುರು ಎಳೆದು, ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ಕುದುರೆಯನ್ನು ಮಗುಚಿ ಅಡಿಯಲ್ಲಿ ಬೆರಳಾಡಿಸಿದರು. ಅರ್ಧಚಂದ್ರ ಸಿಕ್ಕಿತು, ಉಂಗುರ ಸಿಕ್ಕಿತು, ನನ್ನ ಚುಕ್ಕೆಯೂ ಸಿಕ್ಕಿತು. ಗೀಟು ಇರಬೇಕಾದಲ್ಲಿ ನುಣುಪು ಹಿತ್ತಾಳೆ. ಅವರ ಹೆಬ್ಬೆರಳು ಅಲ್ಲೇ ನಿಂತಿತು.

ಅದು ನಿಮ್ಮ ಜಾಗ, ಅಲ್ಲಿ ಇನ್ನು ಯಾರ ಗುರುತೂ ಬೀಳುವುದಿಲ್ಲ ಎಂದು ಅತ್ತೆ ಹೇಳಿದಳು. ತಾತ ಅಲ್ಲವೆಂದು ತಲೆಯಾಡಿಸಿದರು.

"ಅದೇ ತಪ್ಪು ಮತ್ತೆ ಮಾಡ್ತೀಯ. ತಿರುಪು ತಾನಾಗಿ ಹುಟ್ಟಿತಾ? ಎಲ್ಲಿ, ನಿನ್ನ ಪಂಚು ಕೊಡು."

ಉಂಗುರದ ಗುರುತು ಹೊಡೆಯುವ ಪಂಚನ್ನು ಅತ್ತೆ ಅವರ ಕೈಗಿಟ್ಟಳು. ತಾತ ಎಡಗೈ ಹೆಬ್ಬೆರಳಿನಿಂದ ಆ ಖಾಲಿ ಜಾಗವನ್ನು ಅಳೆದು, ಪಂಚಿನ ತುದಿಯನ್ನು ಅದರ ನಟ್ಟನಡುವೆ ಊರಿದರು. ಕೈ ನಡುಗುತ್ತಿತ್ತು. ಇನ್ನೊಂದು ಕೈಯಿಂದ ಅದನ್ನು ಬಿಗಿಯಾಗಿ ಹಿಡಿದರು. ನಡುಕ ನಿಂತಿತು.

"ಹೊಡಿ," ಎಂದರು.

ಅತ್ತೆ ಸುತ್ತಿಗೆ ಎತ್ತಿ ಹೊಡೆದಳು.